‘ಸೇ’ ಎಲ್ಲಿ, ‘ಟೆಲ್’ ಎಲ್ಲಿ: ನಮ್ಮ ಒಂದು ‘ಹೇಳು’ ಇಂಗ್ಲಿಷಿನಲ್ಲಿ ಎರಡಾಗುವ ಜಾಗ

ಕನ್ನಡದಲ್ಲಿ ‘ಹೇಳು’ ಅನ್ನುವ ಒಂದು ಕ್ರಿಯಾಪದ ಇದ್ದರೆ ಎಷ್ಟೋ ಕೆಲಸ ನಡೆಯುತ್ತದೆ. ಕಥೆ ಹೇಳುತ್ತೇವೆ, ಸುಳ್ಳು ಹೇಳುತ್ತೇವೆ, ಥ್ಯಾಂಕ್ಸ್ ಹೇಳುತ್ತೇವೆ, ಮಗ್ಗಿ ಹೇಳುತ್ತೇವೆ, ಚಾಡಿ ಹೇಳುತ್ತೇವೆ, ಮನೆಮನೆಗೆ ಹೋಗಿ ಮದುವೆಗೆ ಹೇಳಿ ಬರುತ್ತೇವೆ, ಹೋಟೆಲಿನಲ್ಲಿ ಕೂತು ಎರಡು ಕಾಫಿ ಹೇಳುತ್ತೇವೆ. ಇಂಗ್ಲಿಷಿಗೆ ಬಂದ ಕೂಡಲೇ ಈ ಹೇಳುವಿಕೆ ‘ಸೇ’ ಮತ್ತು ‘ಟೆಲ್’ ಎಂದು ಒಡೆಯುತ್ತದೆ. ಎರಡಕ್ಕೂ ನಿಘಂಟು ‘ಹೇಳು’ ಎಂದೇ ಅರ್ಥ ಕೊಡುವುದರಿಂದ ಯಾವುದನ್ನು ಎಲ್ಲಿ ಹಾಕಬೇಕು ಎಂಬುದು ಹತ್ತಾರು ವರ್ಷ ಇಂಗ್ಲಿಷ್ ಬಳಸಿದವರಿಗೂ ಗಟ್ಟಿಯಾಗಿರುವುದಿಲ್ಲ. ‘ಹಿ ಟೋಲ್ಡ್ ದಟ್ ಹಿ ಈಸ್ ಬ್ಯುಸಿ’, ‘ಐ ಸೆಡ್ ಹಿಮ್ ಟು ವೇಟ್’, ‘ಟೆಲ್ ಸಾರಿ ಟು ಹರ್’: ಈ ಮೂರು ವಾಕ್ಯಗಳೂ ನಮ್ಮ ಆಫೀಸುಗಳಲ್ಲಿ, ಶಾಲೆಗಳಲ್ಲಿ ದಿನಾ ಕೇಳಿಬರುತ್ತವೆ. ಮೂರೂ ತಪ್ಪು. ಮೂರಕ್ಕೂ ಕಾರಣ ಬೇರೆ ಬೇರೆ.

ಇದನ್ನು ಸರಿಮಾಡಿಕೊಳ್ಳಲು ಇಂಗ್ಲಿಷ್ ವ್ಯಾಕರಣದ ಪಾರಿಭಾಷಿಕ ಪದಗಳು ಬೇಕಿಲ್ಲ. ಬೇಕಾದ ಸಾಧನ ಕನ್ನಡದಲ್ಲೇ ಇದೆ. ನಮ್ಮಲ್ಲಿ ‘ಹೇಳಿದ’ ಎಂಬುದರ ಪಕ್ಕದಲ್ಲೇ ‘ಅಂದ’ ಎಂಬ ಇನ್ನೊಂದು ಪದವಿದೆ, ಬರವಣಿಗೆಯಲ್ಲಿ ಅದೇ ‘ಎಂದ’. ಇಂಗ್ಲಿಷಿನ ‘ಸೇ’ ಬಹುಮಟ್ಟಿಗೆ ನಮ್ಮ ‘ಅನ್ನು’. ‘ಟೆಲ್’ ಬಹುಮಟ್ಟಿಗೆ ನಮ್ಮ ‘ಒಬ್ಬರಿಗೆ ಹೇಳು’.

ಮೊದಲ ಹೆಜ್ಜೆ: ‘ಅಂದ’ ಹಾಕಿ ನೋಡಿ

ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಹೇಳಿದ’ ಇರುವ ಜಾಗದಲ್ಲಿ ‘ಅಂದ’ ಕೂರುತ್ತದೆಯೇ ನೋಡಿ. ‘ಥ್ಯಾಂಕ್ಸ್ ಅಂದ’, ‘ಸಾರಿ ಅಂದ’, ‘ಆಗಲ್ಲ ಅಂದ’, ‘ಹೂಂ ಅಂದ’, ‘ಏನಂದ?’, ‘ಏನೂ ಅನ್ನಲಿಲ್ಲ’. ಎಲ್ಲವೂ ಸಲೀಸಾಗಿ ಕೂರುತ್ತವೆ. ಇಂಗ್ಲಿಷಿನಲ್ಲೂ ಇವೆಲ್ಲಕ್ಕೆ ‘ಸೇ’ಯೇ ಬೇಕು: ಹಿ ಸೆಡ್ ಥ್ಯಾಂಕ್ಸ್, ಹಿ ಸೆಡ್ ಸಾರಿ, ಹಿ ಸೆಡ್ ನೋ, ಹಿ ಸೆಡ್ ಯೆಸ್, ವಾಟ್ ಡಿಡ್ ಹಿ ಸೇ, ಹಿ ಸೆಡ್ ನಥಿಂಗ್.

ಈಗ ಇವನ್ನು ನೋಡಿ: ‘ಕಥೆ ಅಂದ’, ‘ಗುಟ್ಟು ಅಂದ’, ‘ಜೋಕ್ ಅಂದ’, ‘ಬರೋಕೆ ಅಂದ’. ಒಂದೂ ಕೂರುವುದಿಲ್ಲ, ‘ಹೇಳಿದ’ ಎಂದೇ ಆಗಬೇಕು. ಇಂಗ್ಲಿಷಿನಲ್ಲಿ ಇವೆಲ್ಲ ‘ಟೆಲ್’ ಪಾಲಿಗೆ ಹೋಗುತ್ತವೆ: ಟೆಲ್ ಎ ಸ್ಟೋರಿ, ಟೆಲ್ ಎ ಸೀಕ್ರೆಟ್, ಟೆಲ್ ಎ ಜೋಕ್, ಟೆಲ್ ಹಿಮ್ ಟು ಕಮ್.

‘ಸುಳ್ಳು’ ಎಂಬ ಪದವನ್ನು ಹತ್ತಿರದಿಂದ ನೋಡಿದರೆ ಈ ಪರೀಕ್ಷೆ ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ‘ಸುಳ್ಳು ಹೇಳಿದ’ ಎಂದರೆ ಅವನೇ ಸುಳ್ಳಾಡಿದ. ‘ಸುಳ್ಳು ಅಂದ’ ಎಂದರೆ ಬೇರೆ ಯಾರದೋ ಮಾತನ್ನು ಸುಳ್ಳು ಎಂದು ತಳ್ಳಿಹಾಕಿದ. ಮೊದಲನೆಯದು ‘ಹಿ ಟೋಲ್ಡ್ ಎ ಲೈ’, ಎರಡನೆಯದು ‘ಹಿ ಸೆಡ್ ಇಟ್ ವಾಸ್ ಎ ಲೈ’. ‘ನಿಜ ಹೇಳಿದ’, ‘ನಿಜ ಅಂದ’ ಕೂಡ ಹೀಗೆಯೇ: ‘ಹಿ ಟೋಲ್ಡ್ ದ ಟ್ರುತ್’, ‘ಹಿ ಸೆಡ್ ಇಟ್ ವಾಸ್ ಟ್ರೂ’. ಇಷ್ಟು ಚೆನ್ನಾಗಿ ಎರಡನ್ನೂ ಬೇರ್ಪಡಿಸಿಕೊಂಡಿರುವ ಭಾಷೆಯನ್ನಾಡುವ ನಾವು ಇಂಗ್ಲಿಷಿನಲ್ಲಿ ಎಡವುವುದು ‘ಅಂದ’ನನ್ನು ಮರೆತು ‘ಹೇಳಿದ’ ಒಂದನ್ನೇ ಹಿಡಿದು ಅನುವಾದಕ್ಕೆ ಹೊರಡುವುದರಿಂದ.

ಪರೀಕ್ಷೆ ಸೋಲುವ ಜಾಗ ಒಂದಿದೆ, ಬಾಯಿಪಾಠದ ಮಾತು. ಪ್ರಾರ್ಥನೆ, ಶ್ಲೋಕ, ಮಂತ್ರ ಇವುಗಳ ಜೊತೆ ಕನ್ನಡದಲ್ಲಿ ‘ಅಂದ’ ಬರುವುದಿಲ್ಲ, ಆದರೂ ಇಂಗ್ಲಿಷಿನಲ್ಲಿ ‘ಸೇ ಎ ಪ್ರೇಯರ್’ ಎಂದೇ ಆಗಬೇಕು. ಮೊದಲೇ ಜೋಡಿಸಿಟ್ಟ ಮಾತನ್ನು ಬಾಯಿಂದ ಹೊರಡಿಸುವುದಷ್ಟೇ ಅಲ್ಲಿನ ಕೆಲಸ, ಯಾರಿಗೂ ಹೊಸ ವಿಷಯ ತಲುಪಿಸುವುದಿಲ್ಲ. ವೇದಿಕೆಯ ಮೇಲೆ ‘ಎರಡು ಮಾತು ಹೇಳಿ’ ಎಂದು ಕರೆದಾಗಲೂ ‘ಸೇ ಎ ಫ್ಯೂ ವರ್ಡ್ಸ್’.

ಎರಡನೆಯ ಹೆಜ್ಜೆ: ‘-ಗೆ’ ಎಲ್ಲಿ ಹೋಯಿತು ಎಂದು ನೋಡಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಕನ್ನಡದಲ್ಲಿ ಕೇಳುವವರಿಗೆ ಯಾವಾಗಲೂ ‘-ಗೆ’ ಅಥವಾ ‘-ಕ್ಕೆ’ ಅಂಟಿರುತ್ತದೆ: ನನಗೆ ಹೇಳಿದ, ಅಮ್ಮನಿಗೆ ಹೇಳಿದ. ಈ ‘-ಗೆ’ಯನ್ನು ನಾವು ‘ಟು’ ಎಂದು ಕಲಿತಿರುತ್ತೇವೆ. ಆದ್ದರಿಂದ ‘ಹಿ ಟೋಲ್ಡ್ ಟು ಮಿ’ ಎಂದು ಬಾಯಿಗೆ ಬರುತ್ತದೆ.

‘ಟೆಲ್’ ಈ ‘-ಗೆ’ಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದರ ಬೆನ್ನಿಗೇ ಆಳು, ಅಂದರೆ ಮಾತನ್ನು ಕೇಳುವವರು, ಬರಬೇಕು, ನಡುವೆ ಏನೂ ಬರಬಾರದು: ಟೋಲ್ಡ್ ಮಿ, ಟೋಲ್ಡ್ ಹರ್, ಟೋಲ್ಡ್ ದ ಮ್ಯಾನೇಜರ್. ‘ಸೇ’ ಒಳಗೆ ‘-ಗೆ’ ಇಲ್ಲ. ಆಳನ್ನು ಸೇರಿಸಲೇಬೇಕಿದ್ದರೆ ‘ಟು’ ಬೇಕು: ಸೆಡ್ ಟು ಮಿ, ಸೆಡ್ ಟು ಹರ್. ‘ಸೆಡ್ ಮಿ’ ಎಂಬ ಜೋಡಿ ಇಂಗ್ಲಿಷಿನಲ್ಲಿ ಇಲ್ಲ.

ಹಾಗಾದರೆ ‘ಹಿ ಸೆಡ್ ಟು ಮಿ ದಟ್ ಹಿ ವಾಸ್ ಟಯರ್ಡ್’ ಸರಿಯೇ? ವ್ಯಾಕರಣ ಸರಿ, ಆದರೆ ಮಾತು ಭಾರ. ಆಳೂ ಇದೆ, ವಿಷಯವೂ ಇದೆ ಎಂದಾಗ ಇಂಗ್ಲಿಷಿನವರು ‘ಟೋಲ್ಡ್ ಮಿ’ ಕಡೆಗೇ ಹೋಗುತ್ತಾರೆ. ಹೈಸ್ಕೂಲಿನಲ್ಲಿ ಡೈರೆಕ್ಟ್ ಸ್ಪೀಚನ್ನು ಇಂಡೈರೆಕ್ಟಿಗೆ ತಿರುಗಿಸುವಾಗ ‘ಸೆಡ್ ಟು’ ಇದ್ದರೆ ‘ಟೋಲ್ಡ್’ ಮಾಡಿ ಎಂದು ಹೇಳಿಕೊಡುತ್ತಿದ್ದದ್ದು ಇದಕ್ಕೇ. ಆ ನಿಯಮದ ಇನ್ನೊಂದು ಅರ್ಧ ನೆನಪಿನಲ್ಲಿ ಉಳಿಯುವುದಿಲ್ಲ: ಬರೀ ‘ಸೆಡ್’ ಇದ್ದರೆ ‘ಸೆಡ್’ ಆಗಿಯೇ ಬಿಡಬೇಕು. ಆ ಅರ್ಧ ಮರೆತದ್ದರಿಂದ ಹುಟ್ಟಿದ ವಾಕ್ಯವೇ ‘ಹಿ ಟೋಲ್ಡ್ ದಟ್’. ‘ಟೋಲ್ಡ್’ ಆದ ಕೂಡಲೇ ‘ಯಾರಿಗೆ?’ ಎಂಬ ಪ್ರಶ್ನೆಗೆ ಉತ್ತರ ಇರಬೇಕು. ಇಲ್ಲದಿದ್ದರೆ ‘ಸೆಡ್ ದಟ್’ ಎನ್ನಿ.

‘ಟೆಲ್’ ನಂತರ ‘ಟು’ ಸರಿಯಾಗಿ ಬರುವ ಸಂದರ್ಭಗಳೂ ಇವೆ, ಅವನ್ನು ನೋಡಿ ಗಾಬರಿಯಾಗಬೇಡಿ. ಹೇಳುವ ವಸ್ತು ಮೊದಲು ಬಂದು ಆಳು ಹಿಂದೆ ಉಳಿದರೆ ‘ಟು’ ಬೇಕಾಗುತ್ತದೆ: ಶಿ ಟೋಲ್ಡ್ ದ ಸ್ಟೋರಿ ಟು ದ ಚಿಲ್ಡ್ರನ್. ‘ಐ ವಾಸ್ ಟೋಲ್ಡ್ ಟು ವೇಟ್’ ಎಂಬಲ್ಲಿಯೂ ‘ಟು’ ಇದೆ, ಅದು ‘ವೇಟ್’ಗೆ ಸೇರಿದ್ದು.

ಈ ನಡವಳಿಕೆಯ ಹಿಂದೆ ಪದದ ಹಳೆಯ ಅರ್ಥವೂ ಇದೆ. ‘ಟೆಲ್’ ಹಳೆಯ ಇಂಗ್ಲಿಷಿನ ‘ತೆಲ್ಲನ್’ ಎಂಬ ಪದದಿಂದ ಬಂದದ್ದು. ಆಗ ಅದಕ್ಕೆ ಎಣಿಸು, ಲೆಕ್ಕ ಮಾಡು ಎಂಬ ಅರ್ಥ ಇತ್ತು, ನಿರೂಪಿಸು ಎಂಬ ಅರ್ಥವೂ ಇತ್ತು. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ‘ತ್ಸೇಲೆನ್’ ಎಂದರೆ ಇವತ್ತಿಗೂ ಎಣಿಸು ಎಂದೇ. ಬ್ಯಾಂಕಿನ ಟೆಲ್ಲರ್ ಕೌಂಟರಿನಲ್ಲಿ ಕೂತವರು ಕಥೆ ಹೇಳುವವರಲ್ಲ, ದುಡ್ಡು ಎಣಿಸಿಕೊಡುವವರು. ಎಟಿಎಂ ಎಂಬುದರ ನಡುವಿನ ‘ಟಿ’ ಕೂಡ ಇದೇ ಟೆಲ್ಲರ್. ನೋಟು ಎಣಿಸಿದ ಮೇಲೆ ಅದನ್ನು ಪಡೆಯುವ ಕೈ ಒಂದು ಎದುರಿಗಿರಬೇಕು. ‘ಟೆಲ್’ ಹಾಗೆ ಎಣಿಸಿ ಒಪ್ಪಿಸುವ ಪದ ಎಂದು ಇಟ್ಟುಕೊಂಡರೆ ಬೆನ್ನಿಗೇ ಆಳು ಏಕೆ ಬೇಕು ಎಂಬುದು ನೆನಪಿನಲ್ಲಿ ಉಳಿಯುತ್ತದೆ. ‘ಸೇ’ಗೆ ಬಾಯಿ ಒಂದಿದ್ದರೆ ಸಾಕು.

ಮೂರನೆಯ ಹೆಜ್ಜೆ: ಆಳಿಲ್ಲದೆ ‘ಟೆಲ್’ ಬರುವ ಜಾಗಗಳು

ಇವು ಬೆರಳೆಣಿಕೆಯಷ್ಟು, ಹಾಗೇ ಕಲಿತುಬಿಡಬೇಕು. ಟೆಲ್ ದ ಟ್ರುತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ, ಟೆಲ್ ಎ ಜೋಕ್, ಟೆಲ್ ದ ಟೈಮ್, ಟೆಲ್ ದ ಡಿಫರೆನ್ಸ್, ಟೆಲ್ ಫಾರ್ಚೂನ್ಸ್. ಇವುಗಳ ಜೊತೆ ಆಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

‘ಟೆಲ್ ದ ಡಿಫರೆನ್ಸ್’ ಬಳಿ ಸ್ವಲ್ಪ ನಿಲ್ಲಬೇಕು, ಅಲ್ಲಿ ‘ಟೆಲ್’ ಎಂದರೆ ಹೇಳು ಎಂದಲ್ಲ, ಗುರುತಿಸು ಎಂದು. ‘ಐ ಕಾಂಟ್ ಟೆಲ್ ಹೂ ಇಟ್ ಈಸ್’ ಎಂದರೆ ಯಾರೆಂದು ಗೊತ್ತಾಗುತ್ತಿಲ್ಲ. ‘ಐ ಕಾಂಟ್ ಸೇ ಹೂ ಇಟ್ ಈಸ್’ ಎಂದರೆ ಯಾರೆಂದು ಬಾಯಿಬಿಡಲು ಆಗುವುದಿಲ್ಲ ಎಂಬ ಅರ್ಥ ಬರಬಹುದು, ಗೊತ್ತಿದ್ದೂ ಹೇಳದಿರುವುದು. ಕನ್ನಡದ ‘ಹೇಳೋಕಾಗಲ್ಲ’ ಎರಡಕ್ಕೂ ಸಲ್ಲುತ್ತದೆ, ಇಂಗ್ಲಿಷಿನಲ್ಲಿ ಆರಿಸಿಕೊಳ್ಳಬೇಕು. ಬ್ಯಾಂಕಿನಲ್ಲೋ ಪೊಲೀಸ್ ಠಾಣೆಯಲ್ಲೋ ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗ ಈ ವ್ಯತ್ಯಾಸ ಸಣ್ಣದಲ್ಲ.

‘ಟೋಲ್ಡ್ ಅಬೌಟ್’ ಎಂಬುದು ಈ ಗುಂಪಿಗೆ ಸೇರುವುದಿಲ್ಲ. ‘ಹಿ ಟೋಲ್ಡ್ ಅಬೌಟ್ ಹಿಸ್ ಟ್ರಿಪ್’ ತಪ್ಪು. ‘ಟೋಲ್ಡ್ ಅಸ್ ಅಬೌಟ್’ ಎನ್ನಿ, ಆಳು ಬೇಡವೆಂದರೆ ‘ಟಾಕ್ಡ್ ಅಬೌಟ್’ ಎನ್ನಿ.

ನಾಲ್ಕನೆಯ ಹೆಜ್ಜೆ: ‘ಮಾಡೋಕೆ ಹೇಳು’ ಮತ್ತು ಮರ್ಯಾದೆ

ಯಾರಿಗಾದರೂ ಏನನ್ನಾದರೂ ಮಾಡಲು ಹೇಳುವುದು ‘ಟೆಲ್’ ಕೆಲಸ: ಟೆಲ್ ಹಿಮ್ ಟು ಕಾಲ್ ಮಿ. ‘ಸೇ ಹಿಮ್ ಟು ಕಾಲ್’ ಇಲ್ಲ, ‘ಟೆಲ್ ಹಿಮ್ ಕಾಲ್ ಮಿ’ ಕೂಡ ಇಲ್ಲ. ಬೇಡ ಎನ್ನಬೇಕಾದರೆ ‘ನಾಟ್’ ಎಂಬುದು ‘ಟು’ಗಿಂತ ಮುಂಚೆ ಬರಲಿ: ಟೆಲ್ ದೆಮ್ ನಾಟ್ ಟು ವೇಟ್.

ಆದರೆ ಇಲ್ಲೊಂದು ಅಪಾಯ ಇದೆ, ಪಾಠದ ಪುಸ್ತಕ ಇದನ್ನು ಬಿಡಿಸಿ ಹೇಳುವುದು ಕಡಿಮೆ. ಕನ್ನಡದಲ್ಲಿ ‘ಸರ್‌ಗೆ ಒಂದ್ಸಲ ಬರೋಕೆ ಹೇಳಿ’ ಎಂದರೆ ಅದರಲ್ಲಿ ಮರ್ಯಾದೆ ಇದೆ, ‘ಹೇಳಿ’ ಎಂಬ ಬಹುವಚನ ಅದನ್ನು ಹೊತ್ತಿದೆ. ಇಂಗ್ಲಿಷಿನ ‘ಟೆಲ್’ಗೆ ಅಂಥ ಬಹುವಚನ ಇಲ್ಲ. ‘ಟೆಲ್ ದ ಮ್ಯಾನೇಜರ್ ಟು ಕಮ್’ ಎಂದರೆ ಅದು ಅಪ್ಪಣೆ, ಮ್ಯಾನೇಜರ್ ನಿಮ್ಮ ಕೈಕೆಳಗಿನವರು ಎಂಬ ಧ್ವನಿ. ದೊಡ್ಡವರಿಗೆ, ಗಿರಾಕಿಗಳಿಗೆ, ಬೇರೆ ಕಂಪನಿಯವರಿಗೆ ಸಂಬಂಧಿಸಿದ ಮಾತಾದರೆ ‘ಟೆಲ್’ ತೆಗೆದು ‘ಆಸ್ಕ್’ ಹಾಕಿ: ಕುಡ್ ಯೂ ಆಸ್ಕ್ ದ ಮ್ಯಾನೇಜರ್ ಟು ಕಮ್. ‘ಆಸ್ಕ್’ ಎಂದರೆ ಪ್ರಶ್ನೆ ಕೇಳು ಎಂದಷ್ಟೇ ಅಲ್ಲ, ಕೇಳಿಕೊಳ್ಳು ಎಂದೂ ಹೌದು. ‘ಐ ಟೋಲ್ಡ್ ದ ಕ್ಲೈಂಟ್ ಟು ಸೆಂಡ್ ದ ಪೇಮೆಂಟ್’ ಎಂದು ಮೇಲ್ ಬರೆದವರಿಗೆ ಗದರುವ ಉದ್ದೇಶ ಇರುವುದಿಲ್ಲ, ಓದಿದವರಿಗೆ ಗದರಿದಂತೆಯೇ ಕೇಳಿಸುತ್ತದೆ.

ಐದನೆಯ ಹೆಜ್ಜೆ: ‘ಅಂತ’ ದಾಟುವಾಗ ‘ನಾನು’ ಯಾರು?

‘ಸೇ’, ‘ಟೆಲ್’ ಎರಡರಲ್ಲೂ ಸರಿಯಾದುದನ್ನೇ ಆರಿಸಿ ಆಮೇಲೂ ವಾಕ್ಯ ಕೆಡುವುದು ಇಲ್ಲಿ. ಕನ್ನಡದ ‘ಅಂತ’ ಒಂದು ಅದ್ಭುತ ಸೌಕರ್ಯ. ಆಡಿದವನ ಮಾತನ್ನು ಇದ್ದಂತೆಯೇ ಎತ್ತಿ ಇಡಬಹುದು: ‘ರವಿ, ನಾನು ನಾಳೆ ಬರ್ತೀನಿ ಅಂತ ಹೇಳಿದ.’ ಇಲ್ಲಿನ ‘ನಾನು’ ರವಿ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇದನ್ನೇ ‘ರವಿ ಟೋಲ್ಡ್ ಮಿ ದಟ್ ಐ ವಿಲ್ ಕಮ್ ಟುಮಾರೋ’ ಎಂದರೆ ‘ಐ’ ರವಿಯಲ್ಲ, ಈ ವಾಕ್ಯ ಆಡುತ್ತಿರುವವರು. ನಾಳೆ ಬರಬೇಕಾದವರು ಬದಲಾಗಿಹೋದರು. ಕೇಳಿದವರು ರವಿಯನ್ನು ಬಿಟ್ಟು ನಿಮಗಾಗಿ ಕಾಯುತ್ತಾರೆ. ‘ದಟ್’ ಬಂದ ಮೇಲೆ ಎಲ್ಲ ಸರ್ವನಾಮಗಳನ್ನೂ ಈಗ ಮಾತಾಡುತ್ತಿರುವವರ ಕಣ್ಣಿನಿಂದ ನೋಡಬೇಕು: ರವಿ ಟೋಲ್ಡ್ ಮಿ ದಟ್ ಹಿ ವುಡ್ ಕಮ್ ಟುಮಾರೋ. ‘ವಿಲ್’ ಇದ್ದದ್ದು ‘ವುಡ್’ ಆಯಿತು. ಆ ನಾಳೆ ಇನ್ನೂ ಮುಂದಿದ್ದರೆ ‘ವಿಲ್’ ಆಗಿಯೇ ಇದ್ದರೂ ತಪ್ಪಿಲ್ಲ, ‘ಹಿ’ ಮಾತ್ರ ತಪ್ಪದೆ ಬರಬೇಕು.

‘ನೀನು’ ಕೂಡ ಹೀಗೆಯೇ ಕಾಡುತ್ತದೆ. ‘ನೀನು ಬೇಗ ಬಾ ಅಂತ ಅಮ್ಮ ನನಗೆ ಹೇಳಿದ್ರು’ ಎಂಬಲ್ಲಿ ‘ನೀನು’ ಎಂದರೆ ನಾನು. ಇಂಗ್ಲಿಷಿನಲ್ಲಿ ಅದನ್ನು ಪೂರ್ತಿ ಬಿಟ್ಟುಬಿಡಿ: ಅಮ್ಮ ಟೋಲ್ಡ್ ಮಿ ಟು ಕಮ್ ಸೂನ್. ‘ಬಾ ಅಂತ’ ಇದ್ದರೆ ‘ಬರೋಕೆ’ ಎಂದು ಮೊದಲು ಕನ್ನಡದಲ್ಲೇ ತಿರುಗಿಸಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗುವುದು ಸುರಕ್ಷಿತ.

ಅನಿಶ್ಚಿತ ಮೂಲದ ಮಾತಿಗೆ ನಮ್ಮಲ್ಲಿ ‘ಅಂತಾರೆ’, ‘ಅಂತೆ’ ಇವೆ. ‘ಅಂತಾರೆ’ಗೆ ‘ದೇ ಸೇ’ ಅಥವಾ ‘ಇಟ್ ಈಸ್ ಸೆಡ್ ದಟ್’ ಎನ್ನಿ. ‘ಇಟ್ ಈಸ್ ಟೋಲ್ಡ್ ದಟ್’ ಎಂದು ಬರೆಯುವ ಅಭ್ಯಾಸ ಇದ್ದರೆ ಬಿಡಿ. ಯಾರೋ ನಿಮಗೇ ತಿಳಿಸಿದರು, ಆದರೆ ಅವರ ಹೆಸರು ಬೇಡ ಎಂದರೆ ‘ಐ ವಾಸ್ ಟೋಲ್ಡ್ ದಟ್’. ಬೋರ್ಡು, ಪೇಪರು, ಗಡಿಯಾರ ಇವುಗಳಿಗೂ ‘ಸೇ’: ದ ಬೋರ್ಡ್ ಸೆಜ್ ನೋ ಪಾರ್ಕಿಂಗ್.

ಒಂದು ಮೇಲ್, ಸಾಲು ಸಾಲಾಗಿ

ಇಂಥ ಮೇಲ್ ಒಂದನ್ನು ಇಟ್ಟುಕೊಳ್ಳೋಣ. ‘ಆ್ಯಸ್ ಟೋಲ್ಡ್ ಅರ್ಲಿಯರ್, ದ ಕಸ್ಟಮರ್ ಟೋಲ್ಡ್ ದಟ್ ದ ಪಾರ್ಸೆಲ್ ಡಿಡ್ ನಾಟ್ ಕಮ್. ಐ ಸೆಡ್ ಹಿಮ್ ಟು ವೇಟ್ ಟಿಲ್ ಮಂಡೇ. ಹಿ ಟೋಲ್ಡ್ ಓಕೆ. ಪ್ಲೀಸ್ ಟೆಲ್ ಟು ದ ಗೋಡೌನ್ ಟೀಮ್ ಆಲ್ಸೋ.’

‘ಆ್ಯಸ್ ಟೋಲ್ಡ್ ಅರ್ಲಿಯರ್’ ಎಂಬಲ್ಲಿ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. ‘ಆ್ಯಸ್ ಐ ಮೆನ್ಷನ್ಡ್ ಅರ್ಲಿಯರ್’ ಎಂಬುದು ಆಫೀಸಿಗೆ ಒಪ್ಪುವ ರೂಪ, ‘ಆ್ಯಸ್ ಐ ಸೆಡ್’ ಕೂಡ ಆಗುತ್ತದೆ. ಎರಡನೆಯದರಲ್ಲಿ ‘ಟೋಲ್ಡ್ ದಟ್’: ನಡುವೆ ‘ಅಸ್’ ಸೇರಿಸಿ, ಇಲ್ಲವೇ ‘ಸೆಡ್ ದಟ್’ ಮಾಡಿ. ಪಾರ್ಸೆಲ್ ಬಾರದಿದ್ದದ್ದು ದೂರು ಕೊಡುವುದಕ್ಕೂ ಮೊದಲಿನ ಸಂಗತಿ, ಆದ್ದರಿಂದ ‘ಹ್ಯಾಡ್ ನಾಟ್ ಅರೈವ್ಡ್’. ಮೂರನೆಯದರಲ್ಲಿ ಗಿರಾಕಿ ಇದ್ದಾರೆ, ‘ಐ ಆಸ್ಕ್ಡ್ ಹಿಮ್ ಟು ವೇಟ್’ ಎಂದರೆ ಸೌಜನ್ಯ. ‘ಓಕೆ ಅಂದ್ರು’ ಎಂದು ಕನ್ನಡದಲ್ಲಿ ಕೂರುತ್ತದೆ, ಹಾಗಾಗಿ ‘ಹಿ ಸೆಡ್ ಓಕೆ’, ಇನ್ನೂ ಒಳ್ಳೆಯದು ‘ಹಿ ಅಗ್ರೀಡ್’. ಕೊನೆಯ ಸಾಲಿನ ‘ಟು’ ತೆಗೆಯಿರಿ, ಏನನ್ನು ತಿಳಿಸಬೇಕು ಎಂಬುದನ್ನೂ ಸೇರಿಸಿ: ಪ್ಲೀಸ್ ಟೆಲ್ ದ ಗೋಡೌನ್ ಟೀಮ್ ಅಬೌಟ್ ದಿಸ್ ಟೂ. ಬರವಣಿಗೆಯಲ್ಲಿ ‘ಟೆಲ್’ ಬದಲು ‘ಇನ್‌ಫಾರ್ಮ್’ ಬಳಸುವವರು ಒಂದು ನೆನಪಿಡಿ, ಅದಕ್ಕೂ ‘ಟು’ ಬೇಡ: ಇನ್‌ಫಾರ್ಮ್ ದ ಟೀಮ್.

ಇದೇ ಕೆಲಸವನ್ನು ನಿಮ್ಮ ಸೆಂಟ್ ಫೋಲ್ಡರಿನಲ್ಲಿ ಮಾಡಿ. ‘ಟೋಲ್ಡ್’ ಎಂದು ಸರ್ಚ್ ಕೊಟ್ಟು ಸಿಕ್ಕ ಮೊದಲ 20 ಮೇಲ್‌ಗಳನ್ನು ತೆರೆಯಿರಿ. ‘ಟೋಲ್ಡ್’ ಆದ ಕೂಡಲೇ ಬರುವ ಒಂದೇ ಒಂದು ಪದವನ್ನು ನೋಡಿ. ಮಿ, ಯೂ, ಹಿಮ್, ಹರ್, ಅಸ್, ದೆಮ್, ಒಬ್ಬರ ಹೆಸರು ಅಥವಾ ‘ದ ಮ್ಯಾನೇಜರ್’ ಥರ ಆಳನ್ನು ಸೂಚಿಸುವ ಮಾತು ಇದ್ದರೆ ಮುಂದಕ್ಕೆ ಹೋಗಿ. ‘ದಟ್’ ಇದ್ದರೆ ಹಿಂದೆ ‘ವಾಸ್’, ‘ವರ್’, ‘ಬೀನ್’ ಥರದ ಪದ ಇದೆಯೇ ನೋಡಿ, ಇಲ್ಲದಿದ್ದರೆ ತಪ್ಪು. ‘ಟು’ ಇದ್ದರೂ ಇದೇ ಪರೀಕ್ಷೆ. ಉಳಿದಂತೆ ಮೂರನೆಯ ಹೆಜ್ಜೆಯ ಪಟ್ಟಿಯಲ್ಲಿನ ಪದ ಇರಬೇಕು. ಅರ್ಧ ಗಂಟೆಯ ಕೆಲಸ, ಆದರೆ ನಿಮ್ಮದೇ ತಪ್ಪಿನ ನಮೂನೆ ಯಾವುದು ಎಂದು ಸ್ಪಷ್ಟವಾಗುತ್ತದೆ. ಎಲ್ಲರೂ ಎಲ್ಲ ತಪ್ಪು ಮಾಡುವುದಿಲ್ಲ, ಒಂದೆರಡನ್ನೇ ಮತ್ತೆ ಮತ್ತೆ ಮಾಡುತ್ತೇವೆ.

‘ಹೇಳು’ ಇದ್ದರೂ ಎರಡೂ ಬೇಡವಾದ ಕಡೆ

ಎರಡು ಕಾಫಿ ಹೇಳುವುದು ‘ಆರ್ಡರ್’. ಮದುವೆಗೆ ಹೇಳುವುದು ‘ಇನ್ವೈಟ್’. ಪಾಠ ಹೇಳಿಕೊಡುವುದು ‘ಟೀಚ್’. ಬುದ್ಧಿ ಹೇಳುವುದು ‘ಅಡ್ವೈಸ್’. ಹಾಡು ಹೇಳುವುದು ‘ಸಿಂಗ್’. ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ‘ಗಿವ್ ಎವಿಡೆನ್ಸ್’. ‘ನನ್ನನ್ನ ಕತ್ತೆ ಅಂದ’ ಎಂಬಲ್ಲಿ ‘ಅಂದ’ ಇದ್ದರೂ ‘ಸೆಡ್’ ಬೇಡ, ‘ಹಿ ಕಾಲ್ಡ್ ಮಿ ಎ ಡಾಂಕಿ’. ಫೋನ್ ಎತ್ತಿದ ಕೂಡಲೇ ನಾವು ಆಡುವ ‘ಹೇಳಿ ಸರ್’ ಕನ್ನಡದಲ್ಲಿ ಎಷ್ಟು ನಯವೋ ಇಂಗ್ಲಿಷಿನಲ್ಲಿ ‘ಟೆಲ್, ಸರ್’ ಅಷ್ಟೇ ಒರಟು, ‘ಯೆಸ್ ಸರ್, ಪ್ಲೀಸ್ ಗೋ ಅಹೆಡ್’ ಎನ್ನಿ. ಸರಿಯಾಗಿ ಕೇಳಿಸದಿದ್ದಾಗ ‘ಟೆಲ್ ಅಗೇನ್’ ಬೇಡ, ‘ಕುಡ್ ಯೂ ಸೇ ದಟ್ ಅಗೇನ್’ ಎನ್ನಿ.

ಉಚ್ಚಾರದಲ್ಲಿ ಎರಡು ಸಂಗತಿ. ‘ಸೇ’ ದೀರ್ಘ, ಆದರೆ ಅದರ ಎರಡು ರೂಪಗಳಲ್ಲಿ ಹ್ರಸ್ವವಾಗುತ್ತದೆ: ‘ಸೆಜ್’, ‘ಸೆಡ್’. ಬರಹದಲ್ಲಿ ಕಾಣುವ ಅಕ್ಷರ ನೋಡಿ ‘ಸೇಸ್’, ‘ಸೇಡ್’ ಎಂದು ಎಳೆಯಬೇಡಿ. ‘ಟೋಲ್ಡ್’ ಎಂಬುದರ ಕೊನೆಯ ‘ಡ್’ ನುಂಗಬೇಡಿ.

ಕೈಪಳಗಲು ಕೆಲವು ವಾಕ್ಯ

ಬಲಗಡೆಯ ಇಂಗ್ಲಿಷನ್ನು ಮುಚ್ಚಿಟ್ಟು ಮೊದಲು ನೀವೇ ಬಾಯಿಬಿಟ್ಟು ಹೇಳಿ.

ಡಾಕ್ಟರ್ ನೀರು ಜಾಸ್ತಿ ಕುಡಿಯೋಕೆ ಹೇಳಿದ್ರು: ದ ಡಾಕ್ಟರ್ ಟೋಲ್ಡ್ ಮಿ ಟು ಡ್ರಿಂಕ್ ಮೋರ್ ವಾಟರ್.

ಬಾಡಿಗೆ ಬಗ್ಗೆ ಓನರ್ ಏನಂದ್ರು?: ವಾಟ್ ಡಿಡ್ ದ ಓನರ್ ಸೇ ಅಬೌಟ್ ದ ರೆಂಟ್?

ಬಸ್ ಲೇಟು ಅಂತ ನಮಗೆ ಯಾರೂ ಹೇಳಲಿಲ್ಲ: ನೋಬಡಿ ಟೋಲ್ಡ್ ಅಸ್ ದ ಬಸ್ ವಾಸ್ ಲೇಟ್.

ಯಾಕೆ ಬರಲಿಲ್ಲ ಅಂತ ಅವಳು ಹೇಳಲೇ ಇಲ್ಲ: ಶಿ ಡಿಡ್ ನಾಟ್ ಸೇ ವೈ ಶಿ ಡಿಡ್ ನಾಟ್ ಕಮ್. ಇಲ್ಲಿ ‘ಟೆಲ್ ಮಿ ವೈ’ ಕೂಡ ಸರಿ, ‘ಮಿ’ ಮಾತ್ರ ಬಿಡಬಾರದು.

ನಾನು ಮನೇಲೇ ಇರ್ತೀನಿ ಅಂದ್ಲು: ಶಿ ಸೆಡ್ ಶಿ ವುಡ್ ಸ್ಟೇ ಅಟ್ ಹೋಮ್.

ಅವಳಿ ಮಕ್ಕಳು, ಯಾರು ಯಾರು ಅಂತ ಗೊತ್ತೇ ಆಗಲ್ಲ: ಐ ಕಾಂಟ್ ಟೆಲ್ ದ ಟ್ವಿನ್ಸ್ ಅಪಾರ್ಟ್.

ಅಜ್ಜೀನ ಕೇಳಿದೆ ಅಂತ ಹೇಳು: ಟೆಲ್ ಅಜ್ಜಿ ಐ ಸೆಡ್ ಹಲೋ. ಎರಡು ಪದಗಳೂ ತಂತಮ್ಮ ಜಾಗದಲ್ಲಿ ಕೂತಿವೆ, ‘ಟೆಲ್’ ಬೆನ್ನಿಗೆ ಅಜ್ಜಿ, ‘ಸೆಡ್’ ಬೆನ್ನಿಗೆ ಆಡಿದ ಮಾತು. ನಮ್ಮ ‘ಕೇಳಿದೆ’ಯ ಅಕ್ಕರೆಯನ್ನು ಉಳಿಸಿಕೊಳ್ಳಬೇಕು ಎನಿಸಿದರೆ ಇಂಗ್ಲಿಷಿನಲ್ಲೂ ಅದಕ್ಕೆ ಹತ್ತಿರದ ಮಾತಿದೆ: ಟೆಲ್ ಅಜ್ಜಿ ಐ ವಾಸ್ ಆಸ್ಕಿಂಗ್ ಆಫ್ಟರ್ ಹರ್.